ಕೆಂಗೂದಲ ಪಾದ್ರಿಯ ಪಿಟೀಲು

ಪಿಟೀಲು ಪರದೇಶದ ವಾದ್ಯವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ನಮ್ಮ ಕಛೇರಿಗಳಲ್ಲಿ ಗಾಯಕನ ಪಕ್ಕದ ಸ್ಥಾನವನ್ನು ಹಿಡಿದು ಕುಳಿತಿದೆ. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿದ ಮೇಲಂತೂ ಅದು ನಮ್ಮ ಮನೆಯ ಸೊಸೆಯೇ ಆಯಿತು. ಸೊಸೆ ಎಷ್ಟೇ ಹೊಂದಿಕೊಂಡಿದ್ದರೂ ಅವಳ ತವರನ್ನು ಆಗಾಗ ವಿಚಾರಿಸುವುದು ಒಳ್ಳೆಯ ವಾಡಿಕೆ. ಪಿಟೀಲಿನ ತವರು ಇಟಲಿ. ಕ್ರೆಮೋನಾ ಎಂಬ ಊರಿನಲ್ಲಿ ಸ್ಟ್ರಾಡಿವಾರಿಯೆಂಬ ಮಹಾಶಿಲ್ಪಿ ಆ ವಾದ್ಯದ ಮೈಯನ್ನು ಕಡೆಯುತ್ತಿದ್ದ ಕಾಲದಲ್ಲಿಯೇ, ವೆನಿಸ್ ನಗರದಲ್ಲಿ ಒಬ್ಬ ಪಾದ್ರಿ ಅದಕ್ಕೆ ಮಾತು ಕಲಿಸುತ್ತಿದ್ದನು. ಅವನ ಹೆಸರು ಆಂಟೋನಿಯೊ ವಿವಾಲ್ಡಿ.

ಇಂದು ವಿವಾಲ್ಡಿಯ ಹೆಸರನ್ನು ಕೇಳದ ಸಂಗೀತಪ್ರಿಯರು ವಿರಳ. 'ನಾಲ್ಕು ಋತುಗಳು' ಎಂಬ ಅವನ ಕೃತಿಗಳ ತುಣುಕೊಂದು, ಕರ್ತೃವಿನ ಹೆಸರನ್ನು ಅರಿಯದವರ ಕಿವಿಗೂ ಎಲ್ಲಿಯೋ ಒಂದು ಕಡೆ ಬಿದ್ದಿರುತ್ತದೆ. ಆದರೆ ನೂರು ವರ್ಷಗಳ ಹಿಂದೆ ಹೀಗೆ ಹೇಳುವಂತಿರಲಿಲ್ಲ. ಆಗ ಪಂಡಿತರಿಗೆ ಅವನ ಹೆಸರು ಗೊತ್ತಿದ್ದಿತು, ಕೃತಿಗಳಲ್ಲಿ ಕೆಲವು ಗೊತ್ತಿದ್ದವು. ಉಳಿದವರಿಗೆ ಅವನು ಹುಟ್ಟಿಯೇ ಇರಲಿಲ್ಲವೆಂದರೂ ಸಲ್ಲುತ್ತಿದ್ದಿತು. ಬದುಕಿದ್ದಾಗ ಯೂರೋಪಿನ ಅರಸರು ಮಾತನಾಡಿಸಲು ಹಂಬಲಿಸಿದ ಕಲಾವಿದನೊಬ್ಬ ಇನ್ನೂರು ವರ್ಷ ಮಣ್ಣಾಗಿದ್ದು ಮತ್ತೆ ಎದ್ದುಬಂದ ಕಥೆ ಇದು. ಕಥೆಯ ಮೊದಲಿನಲ್ಲಿಯೂ ಮಕ್ಕಳಿದ್ದಾರೆ, ಕೊನೆಯಲ್ಲಿಯೂ ಮಕ್ಕಳಿದ್ದಾರೆ.

*

ವಿವಾಲ್ಡಿ ಹುಟ್ಟಿದ್ದು 1678ನೆಯ ಮಾರ್ಚ್ 4ರಂದು. ಮಗು ಬದುಕಿ ಉಳಿಯಲಾರದೆಂಬ ಭಯದಿಂದ ಸೂಲಗಿತ್ತಿಯೇ ಅಂದೇ ಮನೆಯಲ್ಲಿ ಅದಕ್ಕೆ ಜ್ಞಾನಸ್ನಾನ ಮಾಡಿಸಿದಳು. ಚರ್ಚಿನಲ್ಲಿ ಆಗಬೇಕಾದ ಉಳಿದ ವಿಧಿಗಳು ನಡೆದದ್ದು ಎರಡು ತಿಂಗಳ ಮೇಲೆ. ತಂದೆ ಜೊವಾನಿ ಬಟಿಸ್ಟಾ, ಬ್ರೆಷಾ ಊರಿನಿಂದ ಬಂದು ವೆನಿಸ್ಸಿನಲ್ಲಿ ನೆಲೆಸಿದವನು. ಮೊದಲು ಕ್ಷೌರಿಕ, ಆಮೇಲೆ ಪಿಟೀಲುವಾದಕ. 1685ರಲ್ಲಿ ಅವನಿಗೆ ಸಂತ ಮಾರ್ಕನ ದೇವಾಲಯದ ವಾದ್ಯಗೋಷ್ಠಿಯಲ್ಲಿ ಕೆಲಸ ಸಿಕ್ಕಿತು. ತಂದೆಯದೂ ಕೆಂಪು ಕೂದಲು, ಮಗನದೂ ಕೆಂಪು ಕೂದಲು. ಮಗನಿಗೆ ಪಿಟೀಲು ಕಲಿಸಿದವನು ತಂದೆಯೇ.

ಆ ಕಾಲದ ವೆನಿಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದ ಮನೆಯ ಬುದ್ಧಿವಂತ ಹುಡುಗನಿಗೆ ವಿದ್ಯೆಗೂ ಮರ್ಯಾದೆಗೂ ತೆರೆದಿದ್ದ ದಾರಿ ಪಾದ್ರಿಯಾಗುವುದು. ಹದಿನೈದನೆಯ ವಯಸ್ಸಿನಲ್ಲಿ ಆಂಟೋನಿಯೊ ಆ ದಾರಿ ಹಿಡಿದನು. 1703ರ ಮಾರ್ಚಿಯಲ್ಲಿ, ಇಪ್ಪತ್ತೈದು ತುಂಬಿದಾಗ, ದೀಕ್ಷೆ ಪೂರ್ಣವಾಯಿತು. ಊರ ಜನ ಅವನನ್ನು 'ಕೆಂಗೂದಲ ಪಾದ್ರಿ' ಎಂದೇ ಕರೆದರು. ಆದರೆ ಅವನು ಬಲಿಪೂಜೆ ನಡೆಸಿದ್ದು ಒಂದು ವರ್ಷದ ಮೇಲೆ ಸ್ವಲ್ಪ ಕಾಲ ಮಾತ್ರ. ಹುಟ್ಟಿನಿಂದ ಬಂದ ಎದೆಯ ಬಿಗಿತ, ನಾವು ಉಬ್ಬಸವೆನ್ನಬಹುದಾದ ರೋಗ, ಅವನನ್ನು ಕಾಡುತ್ತಿದ್ದಿತು. ಮೂರು ಸಲ ಪೂಜೆಯ ನಡುವೆಯೇ ಪೀಠವನ್ನು ಬಿಟ್ಟು ಇಳಿಯಬೇಕಾಯಿತೆಂದು ಅವನೇ ಒಂದು ಪತ್ರದಲ್ಲಿ ಬರೆದಿದ್ದಾನೆ. ಪೂಜೆಯ ನಡುವೆ ರಾಗವೊಂದು ಹೊಳೆದು, ಅದನ್ನು ಗುರುತು ಹಾಕಿಕೊಳ್ಳಲು ಒಳಕ್ಕೆ ಓಡಿದನೆಂಬುದು ಆಮೇಲೆ ಜನ ಕಟ್ಟಿದ ಕಥೆ. ಕಥೆ ಸುಳ್ಳಿರಬಹುದು, ಆದರೆ ಅವನ ಮನಸ್ಸು ಎಲ್ಲಿತ್ತೆಂಬುದನ್ನು ಜನ ಸರಿಯಾಗಿಯೇ ಕಂಡುಕೊಂಡಿದ್ದರು.

ಅದೇ 1703ರ ಸೆಪ್ಟೆಂಬರಿನಲ್ಲಿ ಅವನಿಗೆ 'ಪಿಯೆಟಾ' ಎಂಬ ಸಂಸ್ಥೆಯಲ್ಲಿ ಪಿಟೀಲು ಉಪಾಧ್ಯಾಯನ ಕೆಲಸ ದೊರೆಯಿತು. ಸಂಬಳ ವರ್ಷಕ್ಕೆ 60 ಡ್ಯುಕಾಟ್. ಪಿಯೆಟಾ ಎಂದರೆ ಕರುಣೆ. ಹದಿನಾಲ್ಕನೆಯ ಶತಮಾನದಿಂದ ನಡೆದುಬಂದ ಈ ಆಶ್ರಮ ತಬ್ಬಲಿ ಮಕ್ಕಳದು. ಅದರ ಗೋಡೆಯಲ್ಲಿ ಒಂದು ಗೂಡು ಇದ್ದಿತು. ಬಡತನಕ್ಕೋ ಅಪವಾದಕ್ಕೋ ಅಂಜಿದ ತಾಯಿ ಕತ್ತಲಲ್ಲಿ ಬಂದು ಎಳೆಯ ಕೂಸನ್ನು ಆ ಗೂಡಿನಲ್ಲಿಟ್ಟು ಹೋಗಬಹುದಾಗಿತ್ತು. ಕೆಲವರು ಕೂಸಿನೊಡನೆ ಪದಕವೊಂದರ ಅರ್ಧವನ್ನೋ, ಚಿತ್ರವೊಂದರ ಹರಿದ ಅರ್ಧವನ್ನೋ ಇಟ್ಟು, ಇನ್ನರ್ಧವನ್ನು ತಾವು ಒಯ್ಯುತ್ತಿದ್ದರು: ಎಂದಾದರೊಂದು ದಿನ ಒಳ್ಳೆಯ ಕಾಲ ಬಂದರೆ, ಎರಡು ಅರ್ಧಗಳನ್ನು ಜೋಡಿಸಿ ಮಗುವನ್ನು ಗುರುತಿಸಿಕೊಳ್ಳಬಹುದೆಂಬ ಆಸೆಯಿಂದ. ಆ ಒಳ್ಳೆಯ ಕಾಲ ಎಲ್ಲರಿಗೂ ಬರುವುದಲ್ಲ.

ಗಂಡುಮಕ್ಕಳು ಬೆಳೆದು ಯಾವುದಾದರೂ ಕಸುಬಿಗೆ ಹೊರಟುಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಕಂಠವೋ ಕೈಯೋ ಇದ್ದವರನ್ನು ಆರಿಸಿ ಸಂಗೀತ ಕಲಿಸುತ್ತಿದ್ದರು. ಹಿರಿಯ ಹುಡುಗಿಯರು ಕಿರಿಯರಿಗೆ ಪಾಠ ಹೇಳುತ್ತಿದ್ದರು. ಹೊರಗಿನಿಂದ ಬರುವ ಉಪಾಧ್ಯಾಯರು ನಾಲ್ಕಾರು ಮಂದಿ. ಹಬ್ಬಹರಿದಿನಗಳಲ್ಲಿ ಈ ಹುಡುಗಿಯರ ಸಂಗೀತವನ್ನು ಕೇಳಲು ವೆನಿಸ್ಸಿನ ಸಿರಿವಂತರೂ ಪರದೇಶದ ರಾಜಕುಮಾರರೂ ಬಂದು ತುಂಬುತ್ತಿದ್ದರು. ಹುಡುಗಿಯರು ನುಡಿಸುತ್ತಿದ್ದುದು ಮೇಲಿನ ಮೊಗಸಾಲೆಯಲ್ಲಿ, ಕಬ್ಬಿಣದ ಜಾಲರಿಯ ಮರೆಯಲ್ಲಿ. ಸ್ವರ ಕೆಳಗೆ ಇಳಿಯುತ್ತಿದ್ದಿತು, ಮುಖ ಕಾಣುತ್ತಿರಲಿಲ್ಲ. ಇಂಥದೇ ಇನ್ನೊಂದು ಆಶ್ರಮದಲ್ಲಿ ಈ ಸಂಗೀತವನ್ನು ಕೇಳಿದ ತತ್ತ್ವಜ್ಞಾನಿ ರೂಸೊ, ಜಾಲರಿಯ ಹಿಂದೆ ಅಪ್ಸರೆಯರಿರಬೇಕೆಂದು ಕಲ್ಪಿಸಿಕೊಂಡು, ಪರಿಚಯ ಮಾಡಿಕೊಂಡು ನೋಡಿದಾಗ ಒಬ್ಬಳಿಗೆ ಒಂದೇ ಕಣ್ಣು, ಇನ್ನೊಬ್ಬಳ ಮುಖದ ತುಂಬ ಸಿಡುಬಿನ ಕಲೆ. ಮೊದಲು ಪೆಚ್ಚಾದರೂ, ಮನೆಗೆ ಹಿಂತಿರುಗುವ ವೇಳೆಗೆ ಅವರೆಲ್ಲರನ್ನೂ ಮೆಚ್ಚಿಕೊಂಡುಬಿಟ್ಟಿದ್ದೆನೆಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಈ ಹುಡುಗಿಯರಿಗೆ ಮನೆತನದ ಹೆಸರಿರಲಿಲ್ಲ. ಯಾರ ಮಗಳೆಂದು ಹೇಳುವವರೇ ಇಲ್ಲದಿದ್ದ ಮೇಲೆ ಮನೆತನವೆಲ್ಲಿಯದು? ಹಾಗಾಗಿ ಅವರು ನುಡಿಸುವ ವಾದ್ಯವೇ ಅವರ ಮನೆತನವಾಯಿತು. ಪಿಟೀಲಿನ ಆನಾ ಮರಿಯಾ ಎಂಬವಳು ಅವರಲ್ಲಿ ಹೆಸರುವಾಸಿ. ಅವಳು ಬಾಳಿನುದ್ದಕ್ಕೂ ಪಿಯೆಟಾದಲ್ಲಿಯೇ ಇದ್ದು, ಕಲಿತು, ಕಲಿಸಿ, 1782ರಲ್ಲಿ ತೀರಿಕೊಂಡಳು. ವಿವಾಲ್ಡಿ ಹಲವು ಕೃತಿಗಳನ್ನು ಅವಳ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರಚಿಸಿದನು. ಅವಳು ನುಡಿಸಿದ ಭಾಗಗಳನ್ನು ಬರೆದಿಟ್ಟ ಪುಸ್ತಕ ವೆನಿಸ್ಸಿನಲ್ಲಿ ಇಂದಿಗೂ ಇದೆ.

ವಿವಾಲ್ಡಿಯ ಸಂಗೀತವನ್ನು ತಿಳಿಯಬೇಕಾದರೆ ಈ ಆಶ್ರಮವನ್ನು ನೆನಪಿನಲ್ಲಿಡಬೇಕು. ಪಿಟೀಲಿಗೆ ಮಾತ್ರವಲ್ಲದೆ ಕೊಳಲು, ಓಬೋ, ಚೆಲ್ಲೊ, ಮ್ಯಾಂಡೊಲಿನ್ ವಾದ್ಯಗಳಿಗೂ, ಗಡಸು ದನಿಯ ಬಸೂನ್ ಎಂಬ ಉದ್ದ ಊದುವಾದ್ಯಕ್ಕೂ ಅವನು ಕೃತಿಗಳನ್ನು ಬರೆದನು. ಬಸೂನ್ ಒಂದಕ್ಕೇ ಮೂವತ್ತಕ್ಕಿಂತ ಹೆಚ್ಚು ಕಾನ್ಸರ್ಟೊಗಳಿವೆ. ಇಷ್ಟು ಬಗೆಯ ವಾದ್ಯಗಳನ್ನು ನುಡಿಸಬಲ್ಲ, ದಿನವೂ ಕೈಗೆಟುಕುವ, ಹೇಳಿದ್ದನ್ನು ಸಾಧಿಸಿ ತೋರಿಸುವ ಮೇಳ ಬೇರೆ ಯಾವ ಸಂಗೀತಕಾರನಿಗೆ ಇದ್ದಿತು? 1716ರಲ್ಲಿ ತುರ್ಕರ ಮೇಲಿನ ವಿಜಯದ ಸಂಭ್ರಮಕ್ಕೆಂದು ಅವನು ರಚಿಸಿದ 'ಜೂಡಿತಾ' ಎಂಬ ಧಾರ್ಮಿಕ ಗೀತಪ್ರಬಂಧದಲ್ಲಿ ಸೇನಾಪತಿಯ ಪಾತ್ರವನ್ನೂ ಹುಡುಗಿಯೇ ಹಾಡಿದಳು.

ಸಂಸ್ಥೆಯ ಆಡಳಿತಗಾರರು ಮಾತ್ರ ವ್ಯವಹಾರಸ್ಥರು. ಹೊರಗಿನ ಉಪಾಧ್ಯಾಯರನ್ನು ಮುಂದುವರಿಸಬೇಕೇ ಬೇಡವೇ ಎಂದು ಅವರು ವರ್ಷವರ್ಷವೂ ಮತ ಹಾಕುತ್ತಿದ್ದರು. 1709ರಲ್ಲಿ ಮತ ವಿವಾಲ್ಡಿಗೆ ವಿರುದ್ಧವಾಗಿ ಬಿದ್ದಿತು. 1711ರಲ್ಲಿ ಮತ್ತೆ ಕರೆಸಿಕೊಂಡರು. 1723ರಲ್ಲಿ ಅವರು ಮಾಡಿಕೊಂಡ ಗೊತ್ತುವಳಿ ಹೀಗೆ: ತಿಂಗಳಿಗೆ ಎರಡು ಕಾನ್ಸರ್ಟೊ ಬರೆದುಕೊಡಬೇಕು, ಒಂದಕ್ಕೆ ಒಂದು ಚಿನ್ನದ ನಾಣ್ಯ, ಊರಿನಲ್ಲಿದ್ದಾಗ ಬಂದು ಹುಡುಗಿಯರಿಗೆ ಅಭ್ಯಾಸ ಮಾಡಿಸಬೇಕು. ಹಾಲಿನವನ ಲೆಕ್ಕದಂತೆ ಬರೆದ ಈ ಕರಾರಿನಿಂದ ಹೊರಬಂದದ್ದು ಜಗತ್ತಿನ ಸಂಗೀತದ ಒಂದು ನಿಧಿ.

*

ಕಾನ್ಸರ್ಟೊ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಒಂದು ವಾದ್ಯ ಅಥವಾ ಕೆಲವು ವಾದ್ಯಗಳು ಒಂದು ಕಡೆ, ಇಡೀ ಮೇಳ ಇನ್ನೊಂದು ಕಡೆ ನಿಂತು ನಡೆಸುವ ಸಂವಾದ ಅದು. ಮೊದಲು ಮೇಳ ಒಂದು ಗಟ್ಟಿಯಾದ ಮಾತನ್ನು ಹೇಳುತ್ತದೆ. ಅನಂತರ ಒಂಟಿ ಪಿಟೀಲು ತನ್ನ ಕಲ್ಪನೆಯನ್ನು ಹರಿಯಬಿಡುತ್ತದೆ. ಮತ್ತೆ ಮೇಳದ ಮಾತು, ಮತ್ತೆ ಪಿಟೀಲು. ಕೃತಿಯ ನಡುನಡುವೆ ಪಲ್ಲವಿ ಮರಳಿ ಬರುವುದನ್ನು ಬಲ್ಲ ನಮಗೆ ಇದು ತೀರ ಹೊಸತೆನಿಸದು. ಆದರೆ ಅಲ್ಲಿ ಪಲ್ಲವಿಯ ಆಧಾರಶ್ರುತಿಯೇ ಪ್ರತಿಸಲವೂ ಬದಲಾಗಬಹುದು, ಕೊನೆಯಲ್ಲಿ ಮಾತ್ರ ಹೊರಟ ಮನೆಗೆ ಬಂದು ಸೇರುತ್ತದೆ. ದ್ರುತ, ವಿಳಂಬ, ಮತ್ತೆ ದ್ರುತ ಎಂಬ ಮೂರು ಅಂಗಗಳು. ವಿವಾಲ್ಡಿ ಈ ರೂಪವನ್ನು ತಾನೇ ಹುಟ್ಟಿಸಲಿಲ್ಲ. ಆದರೆ ಅದಕ್ಕೆ ಬೆನ್ನೆಲುಬನ್ನೂ ಓಟವನ್ನೂ ಕೊಟ್ಟವನು ಅವನೇ.

1711ರಲ್ಲಿ ಅವನ ಹನ್ನೆರಡು ಕಾನ್ಸರ್ಟೊಗಳು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಆ ಸಂಪುಟ ಯೂರೋಪಿನ ಉದ್ದಗಲಕ್ಕೂ ಹರಡಿತು. ಜರ್ಮನಿಯ ವೈಮಾರ್ ಎಂಬ ಊರಿನಲ್ಲಿ ಕೆಲಸಕ್ಕಿದ್ದ ಯುವಕನೊಬ್ಬ ವಿವಾಲ್ಡಿಯ ಕೃತಿಗಳನ್ನು ಹಿಡಿದು, ಒಂದೊಂದಾಗಿ ತನ್ನ ಆರ್ಗನ್‌ಗೂ ಹಾರ್ಪ್‌ಸಿಕಾರ್ಡಿಗೂ ಒಗ್ಗಿಸಿ ಬರೆದುಕೊಂಡನು. ನಾಲ್ಕು ಪಿಟೀಲುಗಳ ಕಾನ್ಸರ್ಟೊ ಒಂದನ್ನು ಮುಂದೆ ನಾಲ್ಕು ಹಾರ್ಪ್‌ಸಿಕಾರ್ಡುಗಳಿಗೆ ಅಳವಡಿಸಿದನು. ಆ ಯುವಕನ ಹೆಸರು ಯೊಹಾನ್ ಸೆಬಾಸ್ಟಿಯನ್ ಬಾಖ್. ಈ ಸಣ್ಣ ಸಂಗತಿಯನ್ನು ಓದುಗರು ಗಮನದಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ವಿವಾಲ್ಡಿ ಸ್ವತಃ ನುಡಿಸುವುದನ್ನು ಕೇಳಿದವರ ಮಾತುಗಳು ಕೆಲವು ಉಳಿದಿವೆ. ಫ್ರಾಂಕ್‌ಫರ್ಟಿನ ಉಫೆನ್‌ಬಾಖ್ ಎಂಬ ಪ್ರವಾಸಿ 1715ರಲ್ಲಿ ವೆನಿಸ್ಸಿನ ಗೀತನಾಟಕವೊಂದರ ಕೊನೆಯಲ್ಲಿ ಅವನ ಪಿಟೀಲನ್ನು ಕೇಳಿ ಬೆಚ್ಚಿದನು. ಬೆರಳುಗಳು ತಂತಿಯ ಮೇಲೆ ಏರುತ್ತ ಏರುತ್ತ ಕುದುರೆಯ ಹತ್ತಿರ ಹುಲ್ಲುಕಡ್ಡಿಯಷ್ಟು ಅಂತರ ಉಳಿಯುವವರೆಗೆ ಹೋದವೆಂದೂ, ಕಮಾನು ಆಡಲು ಜಾಗವೇ ಇರಲಿಲ್ಲವೆಂದೂ, ಆ ವೇಗದಲ್ಲಿಯೂ ನಾಲ್ಕು ತಂತಿಗಳೂ ನುಡಿದವೆಂದೂ ಅವನು ದಿನಚರಿಯಲ್ಲಿ ಬರೆದನು. ಕೃತಿಗಳು ಬೇಕೆಂದು ಅವನು ಕೇಳಿದಾಗ ವಿವಾಲ್ಡಿ ಮೂರೇ ದಿನಗಳಲ್ಲಿ ಹತ್ತು ಕಾನ್ಸರ್ಟೊಗಳನ್ನು ತಂದೊಪ್ಪಿಸಿ, ಇವನ್ನು ತಮಗಾಗಿಯೇ ರಚಿಸಿದ್ದೇನೆ ಎಂದನಂತೆ. ಮೂರು ದಿನದಲ್ಲಿ ಹತ್ತು! ಪೆಟ್ಟಿಗೆಯಲ್ಲಿದ್ದ ಹಳೆಯವು ಕೆಲವು ಸೇರಿದ್ದರೂ ಸೇರಿರಬಹುದು. ಆದರೆ ಅವನ ಲೇಖನಿಯ ವೇಗ ಸುಳ್ಳಲ್ಲ. ನಕಲುಗಾರ ನಕಲು ಮಾಡುವುದಕ್ಕಿಂತ ಬೇಗ ತಾನು ರಚಿಸಬಲ್ಲೆನೆಂದು ಅವನು ಹೇಳಿಕೊಳ್ಳುತ್ತಿದ್ದುದನ್ನು ಫ್ರಾನ್ಸಿನ ದ ಬ್ರಾಸ್ ಎಂಬ ವಿದ್ವಾಂಸ ತನ್ನ ಕಿವಿಯಿಂದ ಕೇಳಿದ್ದನು.

1725ರಲ್ಲಿ ಅಚ್ಚಾದ ಎಂಟನೆಯ ಸಂಪುಟದ ಮೊದಲ ನಾಲ್ಕು ಕಾನ್ಸರ್ಟೊಗಳೇ 'ನಾಲ್ಕು ಋತುಗಳು'. ಒಂದೊಂದರ ಜೊತೆಗೂ ಹದಿನಾಲ್ಕು ಸಾಲುಗಳ ಒಂದು ಪದ್ಯವಿದೆ. ಪದ್ಯದ ಯಾವ ಮಾತು ಸಂಗೀತದ ಯಾವ ಕಡೆಗೆ ಸಲ್ಲುತ್ತದೆಂಬುದನ್ನು ಗುರುತು ಮಾಡಿ ತೋರಿಸಿದ್ದಾನೆ. ವಸಂತದಲ್ಲಿ ಹಕ್ಕಿಗಳು ಕೂಗುತ್ತವೆ, ಮಲಗಿದ ಕುರುಬನ ಪಕ್ಕದಲ್ಲಿ ನಾಯಿ ಬೊಗಳುತ್ತದೆ. ಬೊಗಳುವುದು ವಿಯೋಲ ಎಂಬ ವಾದ್ಯ. ಬೇಸಗೆಯಲ್ಲಿ ಸೆಕೆ, ನೊಣಗಳ ಕಾಟ, ಕೊನೆಗೆ ಬೆಳೆಯನ್ನು ಬಡಿದುಹಾಕುವ ಆಲಿಕಲ್ಲಿನ ಮಳೆ. ಶರತ್ಕಾಲದಲ್ಲಿ ಸುಗ್ಗಿಯ ಕುಡಿತ, ಕುಣಿತ, ಬೇಟೆ. ಚಳಿಗಾಲದಲ್ಲಿ ಹಲ್ಲು ಕಟಕಟಿಸುವುದು, ಹೊರಗೆ ಮಳೆ ಹನಿಯುತ್ತಿರುವಾಗ ಒಲೆಯ ಮುಂದೆ ಕುಳಿತ ನೆಮ್ಮದಿ, ಮಂಜುಗಡ್ಡೆಯ ಮೇಲೆ ಜಾರಿ ಬೀಳುವುದು. ಇದೆಲ್ಲ ಬರಿಯ ಅನುಕರಣವಾಗಿದ್ದರೆ ನಾಲ್ಕು ದಿನದ ಬೆರಗಾಗಿ ಮುಗಿಯುತ್ತಿದ್ದಿತು. ಆದರೆ ಆ ನಾಯಿ ಬೊಗಳುವುದು ಮೇಳದ ಲಯಕ್ಕೆ ಕೂಡಿಕೊಂಡೇ ಬೊಗಳುತ್ತದೆ, ಆಲಿಕಲ್ಲು ಬೀಳುವುದು ರಾಗದ ನಡೆಯಲ್ಲಿಯೇ ಬೀಳುತ್ತದೆ. ಪದ್ಯವನ್ನು ಓದದೆ ಕೇಳಿದರೂ ಕೃತಿ ತನ್ನ ಕಾಲಮೇಲೆ ನಿಲ್ಲುತ್ತದೆ.

*

ಇಷ್ಟರಲ್ಲಿ ವಿವಾಲ್ಡಿಗೆ ರಂಗಭೂಮಿಯ ಹುಚ್ಚು ಹಿಡಿದಿತ್ತು. 1713ರಿಂದ ಮುಂದೆ ಐವತ್ತರಷ್ಟು ಗೀತನಾಟಕಗಳಿಗೆ ಅವನು ಸಂಗೀತ ಕೂಡಿಸಿದನು. 94 ಎಂಬುದು ಅವನೇ ಹೇಳಿಕೊಂಡ ಲೆಕ್ಕ. ಹಣ ಹೂಡುವುದು, ಗಾಯಕಿಯರನ್ನು ಗೊತ್ತು ಮಾಡುವುದು, ಲೆಕ್ಕ ನೋಡುವುದು, ಎಲ್ಲದರಲ್ಲಿಯೂ ಪಾದ್ರಿಯ ಕೈ. ವೆನಿಸ್ಸಿನ ಕುಲೀನ ಸಂಗೀತಗಾರ ಬೆನೆಡೆಟ್ಟೊ ಮಾರ್ಚೆಲ್ಲೊ 1720ರಲ್ಲಿ ಆ ಕಾಲದ ನಾಟಕಗಳನ್ನು ಹಾಸ್ಯ ಮಾಡಿ ಒಂದು ಪುಸ್ತಕ ಬರೆದಾಗ, ಅದರ ಮುಖಪುಟದ ಚಿತ್ರದಲ್ಲಿ ಪಾದ್ರಿಯ ಟೋಪಿ ತೊಟ್ಟು ಪಿಟೀಲು ಬಾರಿಸುವ ರೆಕ್ಕೆಯ ಮರಿದೇವತೆಯೊಂದು ಇದ್ದಿತು. ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಟಕಕಾರ ಗೊಲ್ಡೊನಿ ತಾನು ಯುವಕನಾಗಿದ್ದಾಗ, 1735ರಲ್ಲಿ, ವಿವಾಲ್ಡಿಯನ್ನು ಕಂಡ ಬಗೆಯನ್ನು ಸೊಗಸಾಗಿ ಬರೆದಿಟ್ಟಿದ್ದಾನೆ. ನಾಟಕವೊಂದರ ಮಾತುಗಳನ್ನು ತಿದ್ದಲು ಅವನನ್ನು ಕಳಿಸಿದ್ದರು. ಜಪದ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದ ಪಾದ್ರಿಗೆ ಈ ಹುಡುಗನಲ್ಲಿ ನಂಬಿಕೆ ಹುಟ್ಟಲಿಲ್ಲ. ಗೊಲ್ಡೊನಿ ಅಲ್ಲಿಯೇ ಕಾಗದ ಕೇಳಿ ಪಡೆದು, ಕಾಲು ಗಂಟೆಯಲ್ಲಿ ಎಂಟು ಸಾಲಿನ ಹಾಡೊಂದನ್ನು ಬರೆದು ಮುಂದಿಟ್ಟನು. ಓದಿದ ಪಾದ್ರಿ ಜಪದ ಪುಸ್ತಕವನ್ನು ಅತ್ತ ಎಸೆದು, ಹುಡುಗನನ್ನು ಬಾಚಿ ತಬ್ಬಿಕೊಂಡು, ತನ್ನ ಶಿಷ್ಯೆಯಾದ ಗಾಯಕಿ ಆನಾ ಜಿರೊಳನ್ನು ಕೂಗಿ ಕರೆದನು. ಅದೇ ಗೊಲ್ಡೊನಿ ಮುಂದೆ, ಈತ ಪಿಟೀಲಿನಲ್ಲಿ ಉತ್ತಮ, ರಚನೆಯಲ್ಲಿ ಸಾಧಾರಣ ಎಂದು ಷರಾ ಬರೆದನು. ಆ ಕಾಲದವರ ತೀರ್ಪು ಹಾಗಿದ್ದಿತು.

ಆನಾಳ ಸ್ನೇಹ ವಿವಾಲ್ಡಿಗೆ ದುಬಾರಿಯಾಯಿತು. 1737ರಲ್ಲಿ ಫೆರಾರಾ ಊರಿನಲ್ಲಿ ನಾಟಕದ ಏರ್ಪಾಡೆಲ್ಲ ಆಗಿ, ಬಹಳ ಹಣ ಕೈಬಿಟ್ಟಿದ್ದಾಗ, ಅಲ್ಲಿನ ಕಾರ್ಡಿನಲ್ ಅವನು ಊರೊಳಕ್ಕೆ ಕಾಲಿಡಕೂಡದೆಂದು ಅಪ್ಪಣೆ ಮಾಡಿದನು. ಆರೋಪ ಎರಡು: ಪಾದ್ರಿಯಾಗಿ ಪೂಜೆ ನಡೆಸುವುದಿಲ್ಲ, ಗಾಯಕಿಯ ಸಂಗ ಬಿಡುವುದಿಲ್ಲ. ಎದೆಯ ರೋಗದ ಸಂಗತಿಯನ್ನು ವಿವಾಲ್ಡಿ ಬರೆದದ್ದು ಆಗಲೇ, ಮಾರ್ಕ್ವಿಸ್ ಬೆಂಟಿವೋಲ್ಯೊಗೆ ಬರೆದ ದೀರ್ಘ ಪತ್ರದಲ್ಲಿ. ಮನೆಯಿಂದ ಹೊರಟರೆ ದೋಣಿಯಲ್ಲಿಯೋ ಗಾಡಿಯಲ್ಲಿಯೋ ಹೋಗಬೇಕು, ನಡೆಯಲಾರೆ. ಸಹಾಯಕ್ಕೆ ಜನ ಬೇಕು. ಈ ಹೆಂಗಸರು ನನ್ನ ರೋಗವನ್ನು ಬಲ್ಲವರು ಎಂಬುದು ಅದರ ಸಾರ. ದಣಿದ ಮುದುಕನೊಬ್ಬನ ಅಳಲು ಆ ಕಾಗದದಲ್ಲಿ ಕೇಳಿಸುತ್ತದೆ.

ಅಷ್ಟು ಹೊತ್ತಿಗೆ ವೆನಿಸ್ಸಿನ ರುಚಿಯೂ ಬದಲಾಗಿತ್ತು. ಹೋದ ವರ್ಷದ ಸಂಗೀತಕ್ಕೆ ಈ ವರ್ಷ ಬೆಲೆಯಿಲ್ಲದ ಆ ಊರಿನಲ್ಲಿ ವಿವಾಲ್ಡಿಗೆ ಸಲ್ಲಬೇಕಾದಷ್ಟು ಮನ್ನಣೆ ಇಲ್ಲವೆಂದು 1739ರಲ್ಲಿ ದ ಬ್ರಾಸ್ ಅಚ್ಚರಿಪಟ್ಟನು. ಮರುವರ್ಷ ವಿವಾಲ್ಡಿ ಪಿಯೆಟಾಕ್ಕೆ ಇಪ್ಪತ್ತು ಕಾನ್ಸರ್ಟೊಗಳನ್ನು ಎಪ್ಪತ್ತು ಚಿಲ್ಲರೆ ಡ್ಯುಕಾಟುಗಳಿಗೆ ಮಾರಿ ಊರು ಬಿಟ್ಟನು. ಹೊರಟದ್ದು ವಿಯೆನ್ನಾಕ್ಕೆ. ಅಲ್ಲಿನ ಚಕ್ರವರ್ತಿ ಆರನೆಯ ಚಾರ್ಲ್ಸ್ ಸಂಗೀತಪ್ರಿಯ. 1728ರಲ್ಲಿ ಭೇಟಿಯಾದಾಗ, ಮಂತ್ರಿಗಳೊಡನೆ ಎರಡು ವರ್ಷದಲ್ಲಿ ಆಡದಷ್ಟು ಮಾತನ್ನು ವಿವಾಲ್ಡಿಯೊಡನೆ ಎರಡು ವಾರದಲ್ಲಿ ಆಡಿದನೆಂದು ಜನ ಹೇಳಿಕೊಂಡಿದ್ದರು. ಆದರೆ 1740ರ ಅಕ್ಟೋಬರಿನಲ್ಲಿ ಚಕ್ರವರ್ತಿ ತೀರಿಕೊಂಡನು. ಅರಮನೆಯಲ್ಲಿ ಸೂತಕ, ರಾಜ್ಯದಲ್ಲಿ ಯುದ್ಧ. ಪಿಟೀಲು ಕೇಳುವವರು ಯಾರು? 1741ರ ಜುಲೈ 28ರಂದು, ಕುದುರೆಯ ಜೀನು ಮಾಡುವವನೊಬ್ಬನ ವಿಧವೆಯ ಮನೆಯಲ್ಲಿ ಬಾಡಿಗೆಗಿದ್ದ ವಿವಾಲ್ಡಿ ಸತ್ತನು. ಅಂದೇ ಆಸ್ಪತ್ರೆಗೆ ಸೇರಿದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಸ್ಮಶಾನ ಇಂದು ಇಲ್ಲ. ಅಲ್ಲಿ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದ ಕಟ್ಟಡವಿದೆ. ಒಮ್ಮೆ ಐವತ್ತು ಸಾವಿರ ಡ್ಯುಕಾಟ್ ಗಳಿಸಿದವನು ದುಂದುಗಾರಿಕೆಯಿಂದ ಬಡವನಾಗಿ ಸತ್ತನೆಂದು ವೆನಿಸ್ಸಿನವರೊಬ್ಬರು ಟಿಪ್ಪಣಿ ಬರೆದಿಟ್ಟರು. ಊರಿನ ಕಡೆಯಿಂದ ಅವನಿಗೆ ಸಂದ ಚರಮಗೀತೆ ಅಷ್ಟೆ.

*

ಮರೆವು ಅವನನ್ನು ಅಷ್ಟು ಬೇಗ ನುಂಗಿದ್ದಕ್ಕೆ ಅವನೂ ಒಂದು ಕಾರಣ. 1733ರಲ್ಲಿ ಅವನು ಒಬ್ಬ ಇಂಗ್ಲಿಷ್ ಪ್ರವಾಸಿಗೆ, ಇನ್ನು ಮುಂದೆ ಕೃತಿಗಳನ್ನು ಅಚ್ಚಿಗೆ ಕೊಡುವುದಿಲ್ಲವೆಂದು ಹೇಳಿದನು. ಅಚ್ಚಾದರೆ ಎಲ್ಲರ ಕೈಗೂ ಸಿಗುತ್ತದೆ. ಹಸ್ತಪ್ರತಿಯಾದರೆ ಒಂದೊಂದಕ್ಕೆ ಒಂದೊಂದು ಗಿನಿ ಎತ್ತಬಹುದು. ವ್ಯಾಪಾರದ ಲೆಕ್ಕ ಸರಿಯೇ. ಆದರೆ ಕಾಲದ ಲೆಕ್ಕ ಬೇರೆ. ಅವನ ಸುಮಾರು 500 ಕಾನ್ಸರ್ಟೊಗಳಲ್ಲಿ ಅಚ್ಚಾದವು ಸ್ವಲ್ಪ ಭಾಗ. ಚರ್ಚಿನ ಸಂಗೀತ ಅಚ್ಚಾಗಲೇ ಇಲ್ಲ. ಮನೆಯಲ್ಲಿದ್ದ ಕಾಗದದ ಕಟ್ಟುಗಳು ಎಲ್ಲಿ ಹೋದವೋ ಯಾರೂ ಕೇಳಲಿಲ್ಲ.

ಹಸ್ತಪ್ರತಿಯ ಬಾಳು ಎಂಥದೆಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲನೆಯ ಗುಣವರ್ಮನ 'ಶೂದ್ರಕ'ವನ್ನೂ ಪೊನ್ನನ 'ಭುವನೈಕರಾಮಾಭ್ಯುದಯ'ವನ್ನೂ ನಾವು ಇಂದು ಉದ್ಧೃತ ಪದ್ಯಗಳ ಮೂಲಕವಷ್ಟೇ ಬಲ್ಲೆವು. ಗರಿ ಹುಳುವಿಗೆ ಸಿಕ್ಕಿತೋ ನೀರಿಗೆ ಸಿಕ್ಕಿತೋ! ದೊಡ್ಡ ಕೃತಿ ತನ್ನ ಗುಣದಿಂದಲೇ ಉಳಿಯುತ್ತದೆಂಬ ಮಾತು ಕೇಳಲು ಹಿತವಾದದ್ದು, ಆದರೆ ನಿಜವಲ್ಲ. ಯಾರೋ ಒಬ್ಬರು ಎತ್ತಿಡಬೇಕು.

ವಿವಾಲ್ಡಿಯ ಹೆಸರನ್ನು ಸ್ವಲ್ಪಮಟ್ಟಿಗೆ ಎತ್ತಿಟ್ಟವನು ಬಾಖ್. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಖನ ಕೀರ್ತಿ ಮತ್ತೆ ಬೆಳಗಿದಾಗ, ಅವನು ಒಗ್ಗಿಸಿಕೊಂಡಿದ್ದ ಇಟಲಿಯ ಕೃತಿಗಳ ಮೂಲ ಯಾವುದೆಂದು ಜರ್ಮನ್ ಪಂಡಿತರು ಹುಡುಕಿದರು. ಆಗ ಈ ಪಾದ್ರಿಯ ಹೆಸರು ಅಡಿಟಿಪ್ಪಣಿಗಳಲ್ಲಿ ಕಾಣಿಸಿಕೊಂಡಿತು: ಬಾಖನ ಕೈ ತಾಗಿ ಚಿನ್ನವಾದ ಕಬ್ಬಿಣವೆಂಬಂತೆ. ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಪಿಟೀಲುವಾದಕ ಫ್ರಿಟ್ಸ್ ಕ್ರೈಸ್ಲರ್ ತಾನೇ ರಚಿಸಿದ ಕೃತಿಯೊಂದನ್ನು ವಿವಾಲ್ಡಿಯದೆಂದು ನುಡಿಸಿದಾಗ ಯಾರಿಗೂ ಅನುಮಾನ ಬರಲಿಲ್ಲ. 1935ರಲ್ಲಿ ಅವನೇ ನಿಜ ಹೇಳಬೇಕಾಯಿತು. ಅಸಲು ಯಾವುದೆಂದು ಗೊತ್ತಿಲ್ಲದ ಕಡೆ ನಕಲನ್ನು ಹಿಡಿಯುವವರು ಯಾರು?

1926ರಲ್ಲಿ ಉತ್ತರ ಇಟಲಿಯ ಬೊರ್ಗೊ ಸಾನ್ ಮಾರ್ಟಿನೊ ಎಂಬ ಊರಿನ ಪಾದ್ರಿಗಳ ವಿದ್ಯಾಲಯವೊಂದಕ್ಕೆ ಕಟ್ಟಡದ ದುರಸ್ತಿಗೆ ಹಣ ಬೇಕಾಯಿತು. ಯಾರೋ ದಾನ ಕೊಟ್ಟಿದ್ದ ಹಳೆಯ ಸಂಗೀತದ ಪುಸ್ತಕಗಳು ಅಲ್ಲಿದ್ದವು. ಮಾರಿದರೆ ಎಷ್ಟು ಬಂದೀತೆಂದು ತಿಳಿಯಲು ಟ್ಯೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕ ಲೂಯಿಜಿ ಟೊರಿಯವರನ್ನು ಕೇಳಿದರು. ಟೊರಿಯವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಗೀತದ ಇತಿಹಾಸವನ್ನು ಕಲಿಸುತ್ತಿದ್ದ ಆಲ್ಬರ್ಟೊ ಜೆಂಟಿಲಿಯವರಿಗೆ ತೋರಿಸಿದರು. ಪೆಟ್ಟಿಗೆಗಳನ್ನು ತೆರೆದಾಗ 97 ಸಂಪುಟಗಳಲ್ಲಿ 14 ವಿವಾಲ್ಡಿಯ ಕೃತಿಗಳವು. ಬಹುಭಾಗ ಅವನದೇ ಕೈಬರಹ.

ವ್ಯಾಪಾರಿಗಳಿಗೆ ಸುದ್ದಿ ಸಿಕ್ಕಿದರೆ ಸಂಪುಟಗಳು ಚೆಲ್ಲಾಪಿಲ್ಲಿಯಾಗುತ್ತವೆ. ಗ್ರಂಥಾಲಯದಲ್ಲಿ ಕೊಳ್ಳುವಷ್ಟು ಹಣವಿಲ್ಲ. ಜೆಂಟಿಲಿಯವರು ಸದ್ದಿಲ್ಲದೆ ಹಣವಂತರನ್ನು ಹುಡುಕಿದರು. ರೊಬೆರ್ಟೊ ಫೊವಾ ಎಂಬ ಷೇರು ದಲ್ಲಾಳಿಗಳು ಮುಂದೆ ಬಂದರು. ಅವರ ಮಗ ಮೌರೊ ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದನು. ಮಗುವಿನ ಹೆಸರಿನಲ್ಲಿ ಅವರು ಸಂಗ್ರಹವನ್ನೆಲ್ಲ ಕೊಂಡು 1927ರಲ್ಲಿ ಗ್ರಂಥಾಲಯಕ್ಕೆ ಒಪ್ಪಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಪುಟಗಳನ್ನು ನೋಡುತ್ತ ಹೋದಂತೆ ಸಂಗ್ರಹ ಪೂರ್ಣವಲ್ಲವೆಂಬುದು ಜೆಂಟಿಲಿಯವರಿಗೆ ಹೊಳೆಯಿತು. ಇದರ ಜೋಡಿ ಭಾಗ ಎಲ್ಲಿಯೋ ಇರಲೇಬೇಕು. ಪುಸ್ತಕಗಳು ಕೈಯಿಂದ ಕೈಗೆ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದಾಗ ಕಂಡದ್ದು ಇದು: ವಿವಾಲ್ಡಿ ಸತ್ತ ಮೇಲೆ ಅವನ ಕಾಗದಗಳು ವೆನಿಸ್ಸಿನ ಸೊರಾಂಜೊ ಎಂಬ ಪುಸ್ತಕಪ್ರಿಯ ಶ್ರೀಮಂತನನ್ನು ಸೇರಿದವು, ಕಾಲಾಂತರದಲ್ಲಿ, ವೆನಿಸ್ಸಿನಲ್ಲಿ ಆಸ್ಟ್ರಿಯದ ರಾಯಭಾರಿಯಾಗಿದ್ದ ಕೌಂಟ್ ದುರಾಜ್ಜೊನ ಕೈಗೆ ಬಂದವು, ಆ ಮನೆತನದ ಸೋದರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಸ್ತಕಗಳನ್ನು ಪಾಲು ಮಾಡಿಕೊಂಡರು. ಹೊಲ ಹಂಚಿದಂತೆ ಸಂಗೀತವನ್ನೂ ಹಂಚಿದ್ದರು! ಒಂದು ಪಾಲು ಪಾದ್ರಿಗಳಿಗೆ ದಾನವಾಗಿ ಹೋಗಿದ್ದಿತು. ಇನ್ನೊಂದು ಪಾಲು ಜಿನೋವಾದಲ್ಲಿದ್ದ ವಂಶದ ಹಿರಿಯನ ಬಳಿ ಉಳಿದಿದ್ದಿತು. ಆ ಹಿರಿಯನನ್ನು ಒಪ್ಪಿಸುವುದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ 1930ರಲ್ಲಿ ಬಟ್ಟೆಯ ಉದ್ಯಮಿ ಫಿಲಿಪ್ಪೊ ಜೊರ್ಡಾನೊ ಹಣ ಕೊಟ್ಟರು. ಅವರೂ ಎಳೆಯ ಮಗನೊಬ್ಬನನ್ನು ಕಳೆದುಕೊಂಡಿದ್ದರು. ಅವನ ಹೆಸರು ರೆಂಜೊ. ಹೀಗೆ ಒಡೆದ ಸಂಗ್ರಹ ಒಂದಾಯಿತು: ವಿವಾಲ್ಡಿಯವೇ 27 ಸಂಪುಟಗಳು, ಸುಮಾರು 450 ಕೃತಿಗಳು. ಹಿಂದೆಂದೂ ಯಾರೂ ಕೇಳದಿದ್ದ ಚರ್ಚಿನ ಸಂಗೀತ, ಗೀತನಾಟಕಗಳು, ನೂರಾರು ಕಾನ್ಸರ್ಟೊಗಳು. ಪಿಯೆಟಾದ ಗೂಡಿನಲ್ಲಿ ಬಿಟ್ಟುಹೋದ ಪದಕದ ಅರ್ಧ, ತನ್ನ ಇನ್ನರ್ಧವನ್ನು ಕೂಡಿಕೊಂಡಂತಾಯಿತು.

ಮುಂದಿನ ಮಾತನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 1939ರ ಸೆಪ್ಟೆಂಬರಿನಲ್ಲಿ, ಯೂರೋಪಿನಲ್ಲಿ ಮಹಾಯುದ್ಧ ಆರಂಭವಾಗಿದ್ದ ದಿನಗಳಲ್ಲಿಯೇ, ಸಿಯೆನಾ ನಗರದಲ್ಲಿ ಸಂಗೀತಕಾರ ಆಲ್ಫ್ರೆಡೊ ಕಸೆಲ್ಲಾ ವಿವಾಲ್ಡಿ ಸಪ್ತಾಹವನ್ನು ನಡೆಸಿದರು. ಪಿಟೀಲುವಾದಕಿ ಓಲ್ಗಾ ರಜ್, ಕವಿ ಎಜ್ರಾ ಪೌಂಡ್ ಅದಕ್ಕೆ ಮೊದಲೇ ಈ ಸಂಗೀತಕ್ಕಾಗಿ ದುಡಿದಿದ್ದರು. ಇನ್ನೂರು ವರ್ಷಗಳ ಮೇಲೆ ವಿವಾಲ್ಡಿಯ 'ಗ್ಲೋರಿಯಾ' ಮತ್ತೆ ಕೇಳಿಸಿತು. ಆದರೆ ಇದಕ್ಕೆಲ್ಲ ಮೂಲ ಕಾರಣರಾದ ಜೆಂಟಿಲಿಯವರಿಗೆ ಆ ಸಂಭ್ರಮದಲ್ಲಿ ಪಾಲಿರಲಿಲ್ಲ. ಅವರು ಯೆಹೂದ್ಯರು. ಮುಸೊಲಿನಿಯ ಸರ್ಕಾರ 1938ರಲ್ಲಿ ಮಾಡಿದ ಜನಾಂಗದ ಕಾಯಿದೆಗಳು ಅವರ ಕೆಲಸವನ್ನು ಕಿತ್ತುಕೊಂಡಿದ್ದವು. ಫೊವಾ ಅವರೂ ಯೆಹೂದ್ಯರೇ. ಕಳೆದುಹೋದ ದೇಶದ ಸಂಪತ್ತನ್ನು ಹುಡುಕಿ ತಂದುಕೊಟ್ಟವರನ್ನು ದೇಶವೇ ಹೊರಗೆ ನಿಲ್ಲಿಸಿತು. ಆ ದೊರೆತನವನ್ನು ಹೊಗಳಿದ ಪೌಂಡನಂಥವರು ಒಳಗಿದ್ದರು. ಸಂಗೀತದ ಚರಿತ್ರೆಯಲ್ಲಿ ಇಂಥ ಅಪಸ್ವರಗಳೂ ಇರುತ್ತವೆ. ಅವನ್ನು ಬಿಟ್ಟು ಕಥೆ ಹೇಳುವುದು ನ್ಯಾಯವಲ್ಲ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಆಂಟೋನಿಯೊ ಫಾನ್ನಾ ಎಂಬವರು ವಿವಾಲ್ಡಿಯ ಹೆಸರಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಸಂಗೀತಕಾರ ಮಲಿಪಿಯೆರೊ ಅವರ ನೇತೃತ್ವದಲ್ಲಿ ಅವನ ಕೃತಿಗಳನ್ನು ಸಾಲಾಗಿ ಅಚ್ಚು ಹಾಕಿಸಿದರು. ಗ್ರಾಮಫೋನ್ ತಟ್ಟೆಗಳು 'ನಾಲ್ಕು ಋತುಗಳ'ನ್ನು ಮನೆಮನೆಗೆ ಒಯ್ದವು. 1970ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ ರ್‍ಯೂಮ್ ಕೃತಿಗಳಿಗೆಲ್ಲ ಸಂಖ್ಯೆ ಕೊಟ್ಟರು. 2005ರಲ್ಲಿ ಕೂಡ, ಡ್ರೆಸ್ಡೆನ್ನಿನಲ್ಲಿ ಬೇರೊಬ್ಬ ಸಂಗೀತಕಾರನ ಹೆಸರಿನಡಿ ಕುಳಿತಿದ್ದ ಪ್ರಾರ್ಥನಾಗೀತೆಯೊಂದು ವಿವಾಲ್ಡಿಯದೆಂದು ಗೊತ್ತಾಯಿತು.

ಒಂದೇ ಕಾನ್ಸರ್ಟೊವನ್ನು ನೂರಾರು ಸಲ ಬರೆದವನು ಎಂಬ ಕುಹಕ ಸ್ಟ್ರಾವಿನ್ಸ್ಕಿಯ ಹೆಸರಿನಲ್ಲಿ ಓಡಾಡುತ್ತದೆ. ಅವಸರದ ಲೇಖನಿಯಿಂದ ಬಂದ ಸಪ್ಪೆ ಕೃತಿಗಳು ಇಲ್ಲವೆಂದಲ್ಲ. ಆದರೆ ತಿಂಗಳಿಗೆರಡು ಎಂಬ ಕರಾರಿಗೆ ಕಟ್ಟುಬಿದ್ದ ಉಪಾಧ್ಯಾಯನೊಬ್ಬ, ಮುಂದಿನ ಹಬ್ಬಕ್ಕೆ ಹುಡುಗಿಯರ ಕೈಗೆ ಏನನ್ನಾದರೂ ಕೊಡಬೇಕೆಂಬ ತವಕದಲ್ಲಿ ಬರೆದ ಸಂಗೀತ ಅದು. ಯಾವ ಹುಡುಗಿಗೆ ಯಾವ ಸ್ವರಸ್ಥಾನ ಸಲೀಸು, ಯಾರ ಕಮಾನಿಗೆ ಎಷ್ಟು ಓಟ, ಎಂಬುದೆಲ್ಲ ಅದರಲ್ಲಿ ಸೇರಿದೆ. ಪಾಠ ಹೇಳುವ ಕಸುಬಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ವೆನಿಸ್ಸಿಗೆ ಹೋದವರಿಗೆ ಸಮುದ್ರದ ದಂಡೆಯ ಮೇಲೆ ಪಿಯೆಟಾದ ಚರ್ಚನ್ನು ವಿವಾಲ್ಡಿಯ ಚರ್ಚೆಂದು ತೋರಿಸುತ್ತಾರೆ. ಆ ಕಟ್ಟಡ ಮುಗಿದದ್ದು 1760ರಲ್ಲಿ, ಅವನು ಸತ್ತು ಹತ್ತೊಂಬತ್ತು ವರ್ಷಗಳ ಮೇಲೆ. ಅವನ ನಿಜವಾದ ಸ್ಮಾರಕ ಅಲ್ಲಿಲ್ಲ, ವಿಯೆನ್ನಾದಲ್ಲಿಯೂ ಇಲ್ಲ. ಅದು ಟ್ಯೂರಿನ್ನಿನ ಗ್ರಂಥಾಲಯದಲ್ಲಿ, ಅವಸರದ ಕೈಬರಹದ ಆ ಸಂಪುಟಗಳಲ್ಲಿ ಇದೆ. ಹೆಸರಿಲ್ಲದ ತಬ್ಬಲಿಗಳಿಗೆಂದು ಬರೆದ ಆ ಕಾಗದಗಳನ್ನು ಇಂದು ವಿದ್ವಾಂಸರು ಕೇಳಿ ಪಡೆಯುವುದು ಎರಡು ಹೆಸರುಗಳಿಂದ: ಮೌರೊ ಫೊವಾ ಸಂಗ್ರಹ, ರೆಂಜೊ ಜೊರ್ಡಾನೊ ಸಂಗ್ರಹ. ಪಿಟೀಲನ್ನು ಕೈಯಲ್ಲಿ ಹಿಡಿಯುವ ವಯಸ್ಸಿನವರೆಗೂ ಬದುಕದ ಎರಡು ಮಕ್ಕಳ ಹೆಸರುಗಳು ಅವು.